ಗಿಳಿ ಅಚ್ಚಿನ ಇನ್ನರ್ಧ

ಪುಷ್ಯಮಾಸದ ಬಿಸಿಲು ಚಾಮರಾಜಪೇಟೆಯ ಆ ವಠಾರದ ಅಂಗಳಕ್ಕೆ ಇಳಿಯಬೇಕಾದರೆ ಎದುರು ಸಾಲಿನ ಹೆಂಚು ಹತ್ತಿ, ನಲ್ಲಿ ಕಟ್ಟೆ ಬಳಸಿ, ಉಳುಮೆಗೆ ಮನಸ್ಸಿಲ್ಲದ ಎತ್ತಿನ ಹಾಗೆ ಒಂದೊಂದೇ ಹೆಜ್ಜೆ ಇಟ್ಟು ಬರುತ್ತಿತ್ತು. ಅದು ಬರುವಷ್ಟರಲ್ಲಿ ಹೆಂಗಸರು ಚಾಪೆ ಹಾಸಿ ಎಳ್ಳು ಹರವಿದ್ದರು. ನೆನೆಸಿ, ಗೋಣಿಯ ಮೇಲೆ ತಿಕ್ಕಿ, ಹೊಟ್ಟು ಕಳೆದ ಬಿಳಿ ಎಳ್ಳು. ನಾಡಿದ್ದು ಸಂಕ್ರಾಂತಿ. ಒಂದು ಮನೆಯಲ್ಲಿ ಕಡಲೇಕಾಯಿ ಬೀಜ ಹುರಿಯುವ ವಾಸನೆ, ಇನ್ನೊಂದರಲ್ಲಿ ಕೂಡಿಟ್ಟ ರೇಷನ್ ಸಕ್ಕರೆಯ ಪಾಕ ಹದಕ್ಕೆ ಬಂತೋ ಇಲ್ಲವೋ ಎಂಬ ಚರ್ಚೆ, ಎಲ್ಲ ಕಡೆಯೂ ಅವರೆಕಾಯಿಯ ಸೊಗಡು. ಏಕಾಂತಯ್ಯ ಜಗಲಿಯ ಮೇಲೆ ಕೂತು, ಎಳ್ಳಿಗೆ ಬಾಯಿ ಹಾಕದಂತೆ ಗುಬ್ಬಿ ಕಾಯುತ್ತಿದ್ದ. ಕೈಗೊಂದು ಬೀಸಣಿಗೆ ಕೊಟ್ಟಿದ್ದರು. ಹುಡುಗನಾಗಿದ್ದಾಗ ಮಾಗಡಿ ಕಡೆಯ ತಮ್ಮ ಮನೆಯ ಹೊಲದಲ್ಲಿ ಅಟ್ಟಣೆ ಹತ್ತಿ, ಕವಣೆ ಬೀಸಿ, ಜೋಳದ ತೆನೆಯಿಂದ ಗಿಳಿಗಳ ಹಿಂಡನ್ನೇ ಎಬ್ಬಿಸಿದವನು ಅವನು. ಗಿಳಿ ಎಂದು ನೆನೆದ ಕೂಡಲೇ ಮನಸ್ಸು ಕೆಂಡ ತುಳಿದಂತೆ ಹಿಂದಕ್ಕೆ ಹಾರಿತು. ಅವನು ಬೀಸಣಿಗೆ ಆಡಿಸಿದ. ಗುಬ್ಬಿಗಳು ಇರಲಿಲ್ಲ. ಎದುರು ಬಾಗಿಲಿನಿಂದ ಯಾರೋ, "ಎಷ್ಟು ಚೆನ್ನಾಗಿ ಕಾಯ್ತಾರಪ್ಪ ಏಕಾಂತಯ್ಯನವರು! ಒಂದು ಗುಬ್ಬಿನೂ ಬಂದಿಲ್ಲ ನೋಡಿ," ಎಂದರು. ಅವನ ಕಿವಿ ಬಿಸಿಯಾಯಿತು.

ಎರಡು ವರ್ಷ ಆಸ್ಪತ್ರೆಯಲ್ಲಿದ್ದವನಿಗೆ ಹಬ್ಬಕ್ಕೆಂದು ನಾಲ್ಕು ದಿನದ ರಜೆ ಸಿಕ್ಕಿತ್ತು. ಕರೆತರುವ ಹಿಂದಿನ ದಿನವೇ ರಜೆಯ ಮಾತಾಡಲು ಹೋಗಿದ್ದ ಅಣ್ಣ ಚಂದ್ರಶೇಖರಯ್ಯನಿಗೆ ಡಾಕ್ಟರು, ಸಮಾಧಾನದಿಂದ ನೋಡಿಕೊಳ್ಳಿ, ಸುಮ್ಮಸುಮ್ಮನೆ ವಾದಕ್ಕೆ ಇಳಿಯಬೇಡಿ ಎಂದಿದ್ದರು. ಏಕಾಂತಯ್ಯನ ಕಡೆ ತಿರುಗಿ, ರಜೆ ಮುಗಿಸಿ ಬಂದಾಗ ಎರಡೇ ಮಾತು ಕೇಳ್ತೀನಿ, ನಿದ್ದೆ ಬಂತೋ, ಇಲ್ಲದ ಶಬ್ದ ಏನಾದ್ರೂ ಕೇಳಿಸ್ತೋ ಅಂತ. ಎರಡೂ ಸರಿಯಾಗಿದ್ರೆ ಸ್ವಲ್ಪ ದಿನದಲ್ಲೇ ಮನೆಗೆ ಕಳಿಸ್ಬಿಡೋಣ, ಎಂದು ಬೆನ್ನು ತಟ್ಟಿದ್ದರು. ಅಷ್ಟೇ. ಆದರೆ ಚಂದ್ರಶೇಖರಯ್ಯ ಚಿಕ್ಕಪೇಟೆಯ ಜವಳಿ ಅಂಗಡಿಯಲ್ಲಿ ಗಿರಾಕಿಯ ಎದುರು ಹದಿನೆಂಟು ವರ್ಷ ಒಂದು ಮಾತಿಗೂ ಸೋಲದ ಮನುಷ್ಯ. ಅಂಥವನು ವಾದ ಬಿಡಬೇಕೆಂದರೆ ಅದನ್ನೊಂದು ವ್ರತವಾಗಿಯೇ ಹಿಡಿಯಬೇಕು. ಹಿಡಿದ. ತಾನು ಹಿಡಿದದ್ದು ಸಾಲದೆ, ಮರುದಿನ ಬೆಳಿಗ್ಗೆ ವಿಭೂತಿ ಧರಿಸಿ ವಠಾರದ ಬಾಗಿಲು ಬಾಗಿಲಿಗೂ ಹೋಗಿ, ನಮ್ಮ ಏಕಾಂತ ಬರ್ತಾನೆ, ಅವನು ಏನಂದ್ರೂ ಹೌದು ಅನ್ನಿ, ಹಿಂದಿನದು ಯಾರೂ ಎತ್ತಬೇಡಿ ಎಂದು ಹೇಳಿ ಬಂದಿದ್ದ. ಮನೆಯ ಚಾಕು, ಈಳಿಗೆ ಮಣೆ, ಅಡಕತ್ತರಿ ಕಣ್ಮರೆಯಾದವು. ತನ್ನ ಕ್ಷೌರದ ಕತ್ತಿಯನ್ನೂ ಎಲ್ಲೋ ಭದ್ರವಾಗಿಟ್ಟು, ಎಲ್ಲಿ ಇಟ್ಟೆನೆಂದು ಮರೆತು, ಹಬ್ಬದ ಮುಂದೆ ಮುಖದ ತುಂಬ ಕೂಳೆ ಬಿಟ್ಟುಕೊಂಡು ತಿರುಗುತ್ತಿದ್ದ. ನೋಡಿದವರು ಇಬ್ಬರಲ್ಲಿ ಯಾರು ಆಸ್ಪತ್ರೆಯಿಂದ ಬಂದವರು ಎಂದು ಒಂದು ಗಳಿಗೆ ಯೋಚಿಸುವ ಹಾಗಿತ್ತು.

ನಿನ್ನೆ ಬಂದು ಕೂತ ಮೊದಲ ಊಟದಲ್ಲೇ ಏಕಾಂತಯ್ಯನಿಗೆ ಅನುಮಾನ ಬಂದಿತ್ತು. ಅತ್ತಿಗೆ ಸರ್ವಮಂಗಳಾ ಹಿತಕಿದ ಅವರೆಬೇಳೆ ಸಾರು ಬಡಿಸಿದಳು. ಏನೋ ಮಾತಾಡಬೇಕೆಂದು, "ಉಪ್ಪು ಸ್ವಲ್ಪ ಜಾಸ್ತಿ ಆಗಿದೆ ಅಲ್ವಾ ಅಣ್ಣ?" ಎಂದ.

"ಹೌದಪ್ಪ, ಜಾಸ್ತಿ ಆಗಿದೆ," ಎಂದ ಚಂದ್ರಶೇಖರಯ್ಯ.

ಏಕಾಂತಯ್ಯ ಇನ್ನೊಂದು ತುತ್ತು ತಿಂದ. ಉಪ್ಪು ಸರಿಯಾಗಿಯೇ ಇತ್ತು. ಅವನಿಗೆ ನಾಚಿಕೆಯಾಯಿತು. "ಇಲ್ಲ, ಕಮ್ಮಿನೇ ಇರಬೇಕು," ಎಂದ.

"ಹೌದಪ್ಪ, ಕಮ್ಮಿ. ಲೇ, ಉಪ್ಪು ತಾರೇ."

ಸರ್ವಮಂಗಳಾ ಉಪ್ಪು ತಂದು ಎಲೆಯ ತುದಿಗೆ ಇಟ್ಟಳು. ಅವಳ ಅಡಿಗೆಗೆ ಉಪ್ಪು ಕಮ್ಮಿ ಎಂದವರು ಆ ಮನೆಯಲ್ಲಿ ಹಿಂದೆ ಎರಡನೆಯ ಸಲ ಬಡಿಸಿಕೊಂಡದ್ದಿಲ್ಲ. ಈಗ ಅವಳು ನೆಲ ನೋಡುತ್ತ ನಗುತ್ತಿದ್ದಳು. ಒಲೆಯ ಮೇಲಿನ ಹಾಲು ಉಕ್ಕುವ ಮುಂಚೆ ಒಂದು ಕೆನೆ ಬಿಗಿದು ನಿಲ್ಲುತ್ತದಲ್ಲ, ಅಂಥ ನಗು. ಏಕಾಂತಯ್ಯನಿಗೆ ತಾನು ನೆಂಟನಾಗಿಬಿಟ್ಟೆ ಎನ್ನಿಸಿತು. ನೆಂಟನಿಗೆ ಕೆನೆ ಮೊಸರು ಕೊಡುತ್ತಾರೆ, ಒಗೆದ ಹಚ್ಚಡ ಕೊಡುತ್ತಾರೆ, ಕೆಲಸ ಕೊಡುವುದಿಲ್ಲ. ಕೆಲಸ ಕೊಡದವನನ್ನು ಮನೆಯವರು ಬಾಗಿಲವರೆಗೂ ಬಂದು, ಬಹಳ ಪ್ರೀತಿಯಿಂದ, ಕಳಿಸಿಕೊಡುತ್ತಾರೆ.

ಸಾಯಂಕಾಲ ನಂಜಪ್ಪ ಬಂದಿದ್ದ. ವಠಾರದ ಮೂಲೆಮನೆಯ ನಂಜಪ್ಪ ಚೌಕಾಬಾರದಲ್ಲಿ ಕವಡೆಯನ್ನು ಮೊಣಕಾಲಿನಡಿ ಬಚ್ಚಿಟ್ಟುಕೊಂಡಾದರೂ ಗೆಲ್ಲುವ ಮನುಷ್ಯ. ಸ್ವಂತ ಮಾವನನ್ನು ಹಬ್ಬದ ದಿನ ಸೋಲಿಸಿ ಅಳಿಸಿದವನು. ಆ ನಂಜಪ್ಪ, ಹಣ್ಣಾಗಲು ಒಂದೇ ಮನೆ ಬಾಕಿಯಿದ್ದ ಕಾಯನ್ನು ಬಿಟ್ಟು ಬೇಕೆಂದೇ ಇನ್ನೊಂದನ್ನು ನಡೆಸಿ ಕಡಿಸಿಕೊಂಡ. "ಅಬ್ಬಬ್ಬಾ, ನಿಮ್ಮ ಮುಂದೆ ಆಡೋದು ಕಷ್ಟ ಕಣ್ರೀ," ಎಂದ. ಸೋಲಿನ ನೋವಿಗೆ ಅವನ ಹಣೆಯಲ್ಲಿ ಬೆವರು ಮೂಡಿತ್ತು. ಏಕಾಂತಯ್ಯ ರಾತ್ರಿ ಮಲಗಿ, ನಿದ್ದೆ ಬರದಿದ್ದರೆ ಡಾಕ್ಟರಿಗೆ ಹೇಳಬೇಕಾಗುತ್ತದಲ್ಲ ಎಂಬ ಹೆದರಿಕೆಯಲ್ಲಿ ಕಣ್ಣು ಬಿಗಿಯಾಗಿ ಮುಚ್ಚಿ, ಆ ಹೆದರಿಕೆಯ ದಣಿವಿಗೇ ನಿದ್ದೆ ಹೋದ.

ನಿದ್ದೆಯ ಮಟ್ಟಿಗೆ ಸರಿಹೋಯಿತು. ಶಬ್ದ ಶುರುವಾದದ್ದು ಇವತ್ತು ಬೆಳಿಗ್ಗೆ, ಗುಬ್ಬಿ ಕಾಯುವಾಗ. ಕಟಕ್. ಸ್ವಲ್ಪ ಬಿಟ್ಟು ಮತ್ತೆ ಕಟಕ್, ಕಟಕ್. ಮನೆಯ ಒಳಗಿನಿಂದ, ನೆಲದ ಅಡಿಯಿಂದಲೋ ಗೋಡೆಯ ಹೊಟ್ಟೆಯಿಂದಲೋ ಬಂದ ಹಾಗೆ. ಒಳಗೆ ಹೋಗಿ ನೋಡಿದ. ನಡುಮನೆಯಲ್ಲಿ ಯಾರೂ ಇಲ್ಲ, ಅಡಿಗೆಮನೆಯಲ್ಲಿ ಹೊಟ್ಟಿನ ಒಲೆ ಒಂದೇ ಬುಸುಗುಡುತ್ತಿತ್ತು. ಅವನ ಹೆಜ್ಜೆ ಬಿದ್ದ ಕೂಡಲೇ ಶಬ್ದ ನಿಂತಿತು. ಜಗಲಿಗೆ ವಾಪಸು ಬಂದು ಕೂತ. ಕಟಕ್. ಬೀಸಣಿಗೆಯನ್ನು ಮಡಿಲಿಗೆ ಇಳಿಸಿದ. ಎರಡು ವರ್ಷದ ಹಿಂದೆ, ಆಸ್ಪತ್ರೆ ಸೇರುವ ಮುಂಚೆಯೂ ಹೀಗೇ, ಮೊದಲು ಸಣ್ಣದಾಗಿ, ಬಾಗಿಲ ಹಿಂದೆ ಯಾರೋ ಉಗುರಿನಿಂದ ಕೆರೆದ ಹಾಗೆ. ಸಂಕ್ರಾಂತಿಯ ಮುಂಚೆ ಎಷ್ಟೋ ದಿನ ನಿದ್ದೆ ಕೆಟ್ಟಿದ್ದ. ಸಕ್ಕರೆ ಅಚ್ಚು ಎರೆಯಲೆಂದು ಅತ್ತಿಗೆ ಪಕ್ಕದ ಮನೆ ದಾಕ್ಷಾಯಣಮ್ಮನವರಿಂದ ಅವರ ತವರಿನ ಗಿಳಿ ಅಚ್ಚನ್ನು ಕೇಳಿ ತಂದಿದ್ದಳು. ಎರಡು ಹೋಳಿನ ಹಳೆಯ ಮರದ ಅಚ್ಚು. ಸೇರಿಸಿ ದಾರ ಸುತ್ತಿ ಪಾಕ ಎರೆದರೆ ಕೊಕ್ಕು, ಕಣ್ಣು, ರೆಕ್ಕೆಯ ಗರಿ ಸಮೇತ ಗಿಳಿ. ಅದರ ಒಳಗೆ ಗಿಳಿ ಉಸಿರು ಕಟ್ಟಿ ರೆಕ್ಕೆ ಬಡಿಯುತ್ತಿರುವುದು ಅವನಿಗೆ ಕೇಳಿಸಿತು. ಮನೆಮಂದಿಯೆಲ್ಲ ಮಲಗಿದ್ದಾರೆ, ಒಂದು ಜೀವ ಕೂಗುತ್ತಿದೆ, ಯಾರಿಗೂ ಕಿವಿಯಿಲ್ಲ. ದಾರ ಬಿಚ್ಚಿದ. ಒಂದು ಹೋಳನ್ನು ಎತ್ತಿಕೊಂಡು, ಹೆಗಲಿಗೊಂದು ಪಂಚೆಯೂ ಇಲ್ಲದೆ ಗವಿಪುರದ ದಾರಿಯಲ್ಲಿ ನಡೆದು ಕೆಂಪಾಂಬುಧಿ ಕೆರೆಯ ಏರಿ ಹತ್ತಿ, ಬೆಳಗಾಗುವ ಹೊತ್ತಿಗೆ ಎರಡೂ ಕೈಯಿಂದ ಆಕಾಶಕ್ಕೆ ಬಿಟ್ಟ. ಆಮೇಲೆ ಜನ, ಜಟಕಾ, ಅಣ್ಣನ ಮುಖ. ಇಬ್ಬರೂ ಒಂದೇ ಅಚ್ಚಿನಲ್ಲಿ ಎರೆದ ಹಾಗಿದ್ದಾರೆ ಎಂದು ಊರವರು ಹೇಳುತ್ತಿದ್ದ ಆ ಮುಖ ಅಳುತ್ತಿತ್ತು. ಗಿಳಿಯ ವಿಷಯ ಆಮೇಲೆ ಯಾರೂ ಎತ್ತಲಿಲ್ಲ. ಬೈದಿದ್ದರೆ ಬೈಗುಳದ ಅಳತೆ ನೋಡಿಯಾದರೂ ತಪ್ಪು ಎಷ್ಟು ದೊಡ್ಡದೆಂದು ತಿಳಿಯುತ್ತಿತ್ತು. ಯಾರೂ ಬೈಯದ್ದರಿಂದ ಅದು ನೆನೆಗಡಲೆಯ ಹಾಗೆ ಒಳಗೇ ಉಬ್ಬುತ್ತಾ ಹೋಯಿತು.

ಕಟಕ್, ಕಟಕ್.

ಅಣ್ಣ ಮಾರುಕಟ್ಟೆಯಿಂದ ಕಬ್ಬು, ಎಲಚಿಹಣ್ಣು ಹೊತ್ತು ತಂದವನು ಜಗಲಿಗೆ ಬಂದು ಕೂತ. ಅಣ್ಣನನ್ನು ಕೇಳುವುದೋ ಬಿಡುವುದೋ ಎಂದು ಏಕಾಂತಯ್ಯ ಲೆಕ್ಕ ಹಾಕಿದ. ಕೇಳದಿದ್ದರೆ ಆ ಶಬ್ದ ನಿಜವಾಗಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಗೊತ್ತಾಗದೆ ಹೋಗಿ ಡಾಕ್ಟರ ಮುಂದೆ ಏನೂ ಕೇಳಿಸಲಿಲ್ಲ ಎಂದು ಸುಳ್ಳು ಹೇಳಲು ಮನಸ್ಸಿಲ್ಲ. ಕೇಳಿಸಿತು ಎಂದರೆ ಮನೆ ತಪ್ಪಿತು.

"ಅಣ್ಣ, ನಿನಗೆ ಏನಾದ್ರೂ ಕೇಳಿಸ್ತಾ ಇದೆಯಾ? ಕಟಕ್ ಅಂತ?"

ಚಂದ್ರಶೇಖರಯ್ಯ ಕಬ್ಬಿನ ಸಿಬಿರು ಕೀಳುತ್ತಿದ್ದ ಬೆರಳನ್ನು ಅಲ್ಲೇ ನಿಲ್ಲಿಸಿದ. ಒಳಗಿನಿಂದ ಸ್ಪಷ್ಟವಾಗಿ ಇನ್ನೊಂದು ಕಟಕ್ ಬಂತು.

"ನಿನಗೆ ಕೇಳಿಸ್ತಾ ಇದೆಯೇನಪ್ಪಾ?" ಎಂದ.

"ನನಗೆ ಕೇಳಿಸ್ತಾ ಇದೆ. ನಿನಗೆ?"

"ನಿನಗೆ ಕೇಳಿಸಿದ್ರೆ... ಕೇಳಿಸಿದ ಹಾಗೇನೇ ಅಂತ ಇಟ್ಕೋ."

"ಇಟ್ಕೊಳ್ಳೋದಲ್ಲ ಅಣ್ಣ. ಇದೆಯಾ, ಇಲ್ವಾ?"

"ಹೌದಪ್ಪ," ಎಂದ ಚಂದ್ರಶೇಖರಯ್ಯ ಕಬ್ಬಿನ ಜಲ್ಲೆಯನ್ನು ಎದೆಗೆ ಅವಚಿಕೊಂಡು. "ಹೌದು. ಅಂದ್ರೆ, ನೀನು ಹೇಳಿದ ಹಾಗೆ."

ಏಕಾಂತಯ್ಯ ಅಣ್ಣನ ಮುಖವನ್ನೇ ನೋಡಿದ. ಕೊಳ್ಳೇಗಾಲದ ಸೀರೆಯನ್ನು ಧರ್ಮಾವರದ್ದೆಂದು ಯಾರಾದರೂ ಹೆಸರಿಟ್ಟರೆ ಬೀದಿ ತುದಿಯವರೆಗೆ ಅಟ್ಟಿಸಿಕೊಂಡು ಹೋಗಿ ತಿದ್ದುತ್ತಿದ್ದ ಅಣ್ಣ. ಅವನ ಕಣ್ಣಲ್ಲಿ ಈಗ ಎಷ್ಟು ಪ್ರೀತಿಯಿತ್ತೆಂದರೆ ಅದರ ಆಚೆ ಏನಿದೆಯೆಂದೇ ಕಾಣುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಪಕ್ಕದ ಮಂಚದ ವೆಂಕಟಾಚಲ ಎಷ್ಟೋ ವಾಸಿ. ಬಸವನಗುಡಿಯ ಕಲ್ಲಿನ ಬಸವ ಇನ್ನೂ ಬೆಳೆಯುತ್ತಿದೆ ಎಂದು ಅವನ ಹಟ. ತಲೆಗೆ ಮೊಳೆ ಹೊಡೆದ ದಿನವೇ ನಿಂತಿತು ಎಂದು ಇವನದು. "ನಿನಗೇನ್ರೀ ಗೊತ್ತು, ನಿನಗೆ ಹುಚ್ಚು," ಎನ್ನುತ್ತಿದ್ದ ವೆಂಕಟಾಚಲ, ಸಿಟ್ಟಿನಲ್ಲಿ ಏಕವಚನ ಬಹುವಚನ ಎರಡನ್ನೂ ಕಲಸಿ. "ನಿನಗೇನು ಕಮ್ಮಿಯೇ?" ಎನ್ನುತ್ತಿದ್ದ ಇವನು. ಎರಡು ಗಂಜಿ ಲೋಟ ತಣ್ಣಗಾಗುವವರೆಗೆ ಜಗಳ. ಆ ಜಗಳದಲ್ಲಿ ತಾನು ಒಂದು ಕಡೆ ನಿಂತಿದ್ದೇನೆ, ಎದುರಿಗೆ ಇನ್ನೊಬ್ಬ ನಿಂತಿದ್ದಾನೆ ಎಂಬುದು ಗೊತ್ತಾಗುತ್ತಿತ್ತು. ಇಲ್ಲಿ ಯಾವ ಕಡೆ ಒರಗಿದರೂ ಹತ್ತಿಯ ರಾಶಿ.

ಮಧ್ಯಾಹ್ನ ದಾಕ್ಷಾಯಣಮ್ಮ ಬಂದರು. ಮಗಳ ಬಾಣಂತನಕ್ಕೆಂದು ಮೂರು ತಿಂಗಳು ತುಮಕೂರಿನಲ್ಲಿದ್ದು, ಮಾರುಕಟ್ಟೆಯ ಹತ್ತಿರ ಬಸ್ಸಿಳಿದು, ತಲೆಯ ಮೇಲೆ ಟ್ರಂಕು ಹೊತ್ತ ಕೂಲಿಯವನನ್ನು ದಾರಿಯುದ್ದಕ್ಕೂ ಬೈಯುತ್ತ ಬಂದರು. ಚಂದ್ರಶೇಖರಯ್ಯನ ಉಪದೇಶ ತಲುಪದ ಬಾಗಿಲು ವಠಾರದಲ್ಲಿ ಅದೊಂದೇ, ಅದಕ್ಕೆ ಬೀಗ ಬಿದ್ದಿತ್ತಾದ್ದರಿಂದ. ಅವರು ಅಂಗಳದ ನಡುವೆ ನಿಂತು, ಚಾಪೆಯ ಮೇಲಿನ ಎಳ್ಳನ್ನು ಬೆರಳಲ್ಲಿ ತಿಕ್ಕಿ ನೋಡಿ, ತಲೆಯೆತ್ತಿದರು.

"ಏನೋ ಏಕಾಂತ, ಬಂದ್ಯಾ? ಮೈ ತುಂಬ್ಕೊಂಡಿದೀಯ. ಅಲ್ಲಿ ಹೊಟ್ಟೆಗೆ ಚೆನ್ನಾಗಿ ಹಾಕ್ತಾರೆ ಅನ್ನು. ಎಲ್ಲೋ ನನ್ನ ಗಿಳಿ ಅಚ್ಚು?"

ಎಳ್ಳು ಕೆದಕುತ್ತಿದ್ದ ಹೆಂಗಸರೆಲ್ಲ ಇತ್ತ ತಿರುಗಿದರು. ಚಂದ್ರಶೇಖರಯ್ಯ ತಮ್ಮನ ಬೆನ್ನ ಹಿಂದೆ ನಿಂತು ಎರಡೂ ಕೈ ಆಡಿಸಿದ, ತಲೆ ಆಡಿಸಿದ, ಒಂದು ಕಣ್ಣನ್ನು ಜೋರಾಗಿ ಮಿಟುಕಿಸಿದ.

"ನಿಮ್ಮ ಕಣ್ಣಿಗೇನಾಯ್ತು ಚಂದ್ರಶೇಖರಯ್ಯ? ಎಳ್ಳಿನ ಹೊಟ್ಟು ಬಿತ್ತಾ? ತಣ್ಣೀರು ಎರಚ್ಕೊಳಿ. ಏನು ಗಡ್ಡ ಇದು, ಹಬ್ಬದ ಹೊತ್ನಲ್ಲಿ? ಲೇ ಏಕಾಂತ, ನಿನ್ನನ್ನೇ ಕೇಳಿದ್ದು."

ಏಕಾಂತಯ್ಯ ಎದ್ದು ನಿಂತಿದ್ದ. "ಅರ್ಧ ನಿಮ್ಮ ಹತ್ರ ಬಂತಲ್ವಾ?" ಎಂದ ಮೆಲ್ಲಗೆ.

"ಬಂದ ಅರ್ಧ ಯಾರಿಗೆ ಬೇಕು? ನಾನು ಕೇಳ್ತಿರೋದು ಇನ್ನರ್ಧ."

"ಕೆಂಪಾಂಬುಧಿಗೆ ಎಸೆದೆ."

"ಯಾಕೆ?"

"ಹಾರಲಿ ಅಂತ."

ದಾಕ್ಷಾಯಣಮ್ಮ ಸೊಂಟದ ಮೇಲೆ ಕೈಯಿಟ್ಟರು. "ಹಾರ್ತಾ?"

ಈ ಪ್ರಶ್ನೆಯನ್ನು ಅವನಿಗೆ ಇದುವರೆಗೆ ಯಾರೂ ಕೇಳಿರಲಿಲ್ಲ. ಅವನು ನಿಜವಾಗಿ ಯೋಚಿಸಿದ. ನಸುಕಿನ ನೀರು, ಏರಿಯ ಮೇಲಿನ ಇಬ್ಬನಿ, ತಣ್ಣನೆಯ ಒಂದು ಪ್ಲಕ್. "ಇಲ್ಲ," ಎಂದ. "ಬಿತ್ತು. ಸ್ವಲ್ಪ ಹೊತ್ತು ತೇಲ್ತು. ಆಮೇಲೆ ಕಾಣಿಸ್ಲಿಲ್ಲ."

"ಮರ ಇನ್ನೇನು ಹಾರತ್ತೆ? ನಮ್ಮಮ್ಮ ತವರಿಂದ ಕಳಿಸಿಕೊಟ್ಟ ಅಚ್ಚು ಕಣೋ ಅದು. ನನಗೆ ಬೇಕು."

"ದಾಕ್ಷಾಯಣಮ್ಮನವರೇ, ನಾನು ಈಗಲೇ ಹೋಗಿ ಹೊಸದೇ ತಂದ್ಕೊಡ್ತೀನಿ," ಎಂದು ಚಂದ್ರಶೇಖರಯ್ಯ ಮಧ್ಯೆ ನುಗ್ಗಿದ. "ಅವನಿಗೆ ಹುಷಾರಿಲ್ಲ, ದಯವಿಟ್ಟು..."

"ನೀವ್ಯಾಕ್ರೀ ಕೊಡ್ತೀರ? ಎಸೆದೋನು ಅವನು. ತಲೆ ಕೆಟ್ಟಿದ್ದಕ್ಕೆ ಡಾಕ್ಟರಿದಾರೆ, ನೋಡ್ಕೋತಾರೆ. ನನ್ನ ಅಚ್ಚು ಕೆಟ್ಟಿದ್ದಕ್ಕೆ ಯಾರಿದಾರೆ?" ಎಂದು ದಾಕ್ಷಾಯಣಮ್ಮ ಸೆರಗು ಬಿಗಿದರು. "ಇರಿ, ಮೊದಲು ಕಾಲು ತೊಳ್ಕೊಂಡು ಬರ್ತೀನಿ. ನಮ್ಮನೇಲಿ ತೊಟ್ಟು ನೀರಿಲ್ಲ." ಚಂದ್ರಶೇಖರಯ್ಯ, "ಬಚ್ಚಲಿಗೆ ಬೇಡ, ನಲ್ಲಿ ಹತ್ರ..." ಎನ್ನುವಷ್ಟರಲ್ಲಿ ಅವರು ನಡುಮನೆ ದಾಟಿ, ಹಿಂದಿನ ಬಚ್ಚಲುಮನೆಯ ಬಾಗಿಲನ್ನು ಅಂಗೈಯಿಂದ ದೂಡಿಯಾಗಿತ್ತು.

ಒಳಗೆ ಹಂಡೆಯ ಪಕ್ಕ, ಮಣೆಯ ಮೇಲೆ, ಮಡಿಲಲ್ಲಿ ಮೊರ ಇಟ್ಟುಕೊಂಡು ಸರ್ವಮಂಗಳಾ ಕೂತಿದ್ದಳು. ಮೊರದ ತುಂಬ ಕೊಬ್ಬರಿ ಚೂರು. ಕೈಯಲ್ಲಿ ಅಡಕತ್ತರಿ. ಹೊಗೆಗೆ ಕಣ್ಣು ಕೆಂಪಾಗಿತ್ತು, ಇಕ್ಕಟ್ಟಿಗೆ ಮೈ ಬೆವೆತಿತ್ತು; ಬೆಳಗಿನಿಂದ ಒಳಗೆ ಮೈದುನನ ಹೆಜ್ಜೆ ಕೇಳಿದಾಗ ನಿಲ್ಲಿಸುತ್ತ, ಮತ್ತೆ ಹೆಚ್ಚುತ್ತ ಕೂತಿದ್ದಳು.

"ಅಯ್ಯೋ ಶಿವನೇ! ಬಚ್ಚಲಲ್ಲಿ ಕೂತು ಎಳ್ಳಿಗೆ ಕೊಬ್ಬರಿ ಹೆಚ್ತಿದೀಯಲ್ಲೇ ಸರ್ವಮಂಗಳ! ಇದನ್ನೇ ಏನೇ ನಾಡಿದ್ದು ತಟ್ಟೆಯಲ್ಲಿಟ್ಟು ನಮ್ಮನೆಗೆ ಬೀರೋದು?"

ಹಿಂದೆ ಬಂದು ನಿಂತಿದ್ದ ಏಕಾಂತಯ್ಯ ಅಡಕತ್ತರಿಯನ್ನು ನೋಡಿದ. ಅತ್ತಿಗೆಯ ಕೈ ಗಾಬರಿಗೆ ಬಿಗಿಯಿತು. ಒಂದು ಕೊಬ್ಬರಿ ತುಂಡಾಗಿ ಬಿತ್ತು. ಕಟಕ್. ಅವನು ಅಲ್ಲೇ ಹೊಸ್ತಿಲ ಮೇಲೆ ಕುಕ್ಕರಿಸಿದ. ಇತ್ತು. ಶಬ್ದ ಇತ್ತು, ಗೋಡೆಯ ಆಚೆ, ಅಡಕತ್ತರಿಯಲ್ಲಿ, ಎಲ್ಲರ ಕಿವಿಗೂ. ಅವನಿಗೆ ನಗು ಬಂತು, ಅದರ ಬೆನ್ನಿಗೇ ಈ ಎರಡು ವರ್ಷದಲ್ಲಿ ಬಂದಿರದಂಥ ಸಿಟ್ಟು ಬಂತು.

"ಅಣ್ಣ! ನಾನು ಅಷ್ಟು ಕೇಳಿದಾಗ ಬಾಯಿಬಿಟ್ಟು ಹೇಳಬಾರ್ದಾಗಿತ್ತಾ? ನನಗೆ ಮತ್ತೆ ಶುರುವಾಯ್ತು ಅಂದ್ಕೊಂಡು ಅರ್ಧ ಜೀವ ಹೋಯ್ತು!"

"ಹೇಗೆ ಹೇಳ್ಲೋ? ಹೌದು ಅಂದ್ರೆ ಅಡಕತ್ತರಿ ಎಲ್ಲಿದೆ ಅಂತ ಗೊತ್ತಾಗತ್ತೆ. ಇಲ್ಲ ಅಂದ್ರೆ ನಿನಗೆ ಎದುರಾಡಿದ ಹಾಗಾಗತ್ತೆ!"

"ಎದುರಾಡು! ಯಾರು ಬೇಡ ಅಂದ್ರು?"

"ಆಡ್ಲಾ? ಆಡ್ಲಾ ಹಾಗಾದ್ರೆ?" ಚಂದ್ರಶೇಖರಯ್ಯನ ಕತ್ತಿನ ನರ ಉಬ್ಬಿತು. "ಉಪ್ಪು ಸರಿಯಾಗಿತ್ತು ಕಣೋ! ನಿನ್ನೆ ಸಾರಲ್ಲಿ ಉಪ್ಪು ಸರಿಯಾಗಿತ್ತು! ಜಾಸ್ತಿನೂ ಇಲ್ಲ, ಕಮ್ಮಿನೂ ಇಲ್ಲ! ನೀನು ಹೇಳ್ದೆ ಅಂತ ನಾನು ಉಪ್ಪು ಸುರ್ಕೊಂಡು ತಿಂದು ರಾತ್ರಿಯೆಲ್ಲ ನೀರು ಕುಡಿದೆ! ನಿನ್ನೆ ಗಾಡೀಲಿ ಬರುವಾಗ ಬಸವ ಬೆಳೀತಿಲ್ಲ, ಮೊಳೆ ಹೊಡೆದ್ರು ಅಂತ ಏನೇನೋ ಕೊರೆದ್ಯಲ್ಲ, ಅದು ಮೊಳೆ ಅಲ್ಲ ಕಣೋ, ತ್ರಿಶೂಲ! ತ್ರಿಶೂಲ!"

"ನಾನೂ ಬೇಕಂತಲೇ ಸೋತಿದ್ದು, ಎಲ್ಲರಿಗೂ ಗೊತ್ತಿರಲಿ!" ಎಂದು ಅಂಗಳದಿಂದ ನಂಜಪ್ಪ ಕೂಗಿದ.

ಸ್ವಲ್ಪ ಹೊತ್ತು ಯಾರ ಮಾತು ಯಾರಿಗೂ ಕೇಳಿಸದ ಹಾಗಾಯಿತು. ಸರ್ವಮಂಗಳಾ ಮೊರ ಎತ್ತಿಕೊಂಡು ಈಚೆ ಬಂದಳು. ಗಂಡನ ಕಡೆ ನೋಡಲಿಲ್ಲ. ಮೈದುನನ ಎದುರು ನಿಂತು, ಅಡಕತ್ತರಿಯನ್ನು ಹಿಡಿಯ ಕಡೆಯಿಂದ ಚಾಚಿದಳು. ಕೈ ನಡುಗುತ್ತಿತ್ತು, ಅದನ್ನು ಇಬ್ಬರೂ ನೋಡಿದರು. ಅವನು ತಕ್ಷಣ ತೆಗೆದುಕೊಳ್ಳಲಿಲ್ಲ. ನಡುಕ ನಿಲ್ಲುವವರೆಗೆ ಕಾದು, ಆಮೇಲೆ ತೆಗೆದುಕೊಂಡ.

"ಈ ಕೊಬ್ಬರಿ ಚಟ್ನಿಗಾಯ್ತು. ಬೇರೆ ಕೊಬ್ಬರಿ ಗಿಟುಕು ಕೊಡ್ತೀನಿ, ಜಗಲಿ ಮೇಲೆ ಕೂತು ಹೆಚ್ಚು," ಎಂದಳು. "ಸಣ್ಣಕ್ಕಿರಲಿ. ನಿನ್ನ ಮಾಮೂಲು ಥರ ದಪ್ಪ ದಪ್ಪ ಬೇಡ."

"ನಾನ್ಯಾವತ್ತು ದಪ್ಪ ಹೆಚ್ಚಿದೀನಿ ಅತ್ತಿಗೆ?"

"ಯಾವಾಗ್ಲೂ."

ಸಾಯಂಕಾಲದವರೆಗೆ ಹೆಚ್ಚಿದ. ಬೆರಳಿನ ಬೊಬ್ಬೆ ನೋಡಿಕೊಂಡು ಖುಷಿಪಟ್ಟ. ಅಣ್ಣ ಪಕ್ಕದಲ್ಲಿ ಕೂತು ಬೆಲ್ಲ ಹೆಚ್ಚಿದ. ಒಂದೆರಡು ಸಲ ಮಾತ್ರ ಅಡಕತ್ತರಿಯ ಕಡೆ ಓರೆಗಣ್ಣು ಹಾಯಿಸಿದ. ಆ ನೋಟ ಏಕಾಂತಯ್ಯನಿಗೆ ಚುಚ್ಚಿತು. ಚುಚ್ಚಲಿ ಎಂದುಕೊಂಡ, ಅದೂ ನಿಜದ್ದೇ, ಬಾಯಿಮಾತಿನ 'ಹೌದಪ್ಪ' ಅಲ್ಲ.

ಸಂಕ್ರಾಂತಿಯ ಸಂಜೆ ದಾಕ್ಷಾಯಣಮ್ಮ ರೇಷ್ಮೆ ಸೀರೆಯುಟ್ಟು ಎಳ್ಳು ಬೀರಲು ಬಂದರು. ತಟ್ಟೆಯಲ್ಲಿ ಎಳ್ಳು, ಕಬ್ಬು, ಎಲಚಿ, ಅದರ ಮೇಲೊಂದು ಸಕ್ಕರೆ ಗಿಳಿ. ಏಕಾಂತಯ್ಯ ಎತ್ತಿ ನೋಡಿದ. ಒಂದು ಮಗ್ಗುಲಲ್ಲಿ ಕೊಕ್ಕು, ಕಣ್ಣು, ಗರಿ ಎಲ್ಲ ಇದ್ದವು. ತಿರುಗಿಸಿದರೆ ಹಲಗೆಯ ಹಾಗೆ ಚಪ್ಪಟೆ. ಇದ್ದ ಅರ್ಧ ಅಚ್ಚನ್ನೇ ಅಂಗಾತ ಇಟ್ಟು ಎರೆದಿದ್ದರು.

"ಇನ್ನರ್ಧ ನೀನು ಕೊಡೋವರೆಗೂ ವಠಾರಕ್ಕೆಲ್ಲ ಒಕ್ಕಣ್ಣಿನ ಗಿಳಿನೇ," ಎಂದರು. "ಯಾರಾದ್ರೂ ಯಾಕೆ ಅಂತ ಕೇಳಿದ್ರೆ ನಿನ್ನ ಹೆಸರೇ ಹೇಳ್ತಿದೀನಿ."

"ಹೇಳಿ," ಎಂದ ಏಕಾಂತಯ್ಯ. ಎಳ್ಳು ತಿಂದ ಬಾಯಲ್ಲಿ ಒಳ್ಳೆಯದನ್ನೇ ಆಡಬೇಕೆಂದು ಇನ್ನೇನೋ ಹುಡುಕಿದ. ಸಿಗಲಿಲ್ಲ. ಗಿಳಿಯನ್ನು ತಿನ್ನದೆ ಕಾಗದದಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡ. ವೆಂಕಟಾಚಲ ಇದನ್ನು ನೋಡಿದರೆ ಖಂಡಿತ ಪೂರ್ತಿ ಗಿಳಿ ಎಂದೇ ವಾದಿಸುತ್ತಾನೆ.

ಮಾರನೆಯ ದಿನ ಜಟಕಾ ಬಂತು. ಸರ್ವಮಂಗಳಾ, "ಬಂದ್ಮೇಲೆ ಆ ಅಟ್ಟದ ಸಾಮಾನೆಲ್ಲ ಒಂದು ಸಾರಿ ಇಳಿಸಿ ಗುಡಿಸಬೇಕು, ನಿಮ್ಮಣ್ಣನ ಕೈಲಾಗಲ್ಲ," ಎಂದಳು. ಅಣ್ಣ ಗಾಡಿ ಹತ್ತಿ ಪಕ್ಕದಲ್ಲಿ ಕೂತ. ಕ್ಷೌರದ ಕತ್ತಿ ಕೊನೆಗೂ ಸಿಕ್ಕಿ ಗಲ್ಲ ನುಣ್ಣಗಾಗಿತ್ತು, ಎರಡು ಕಡೆ ಕೊಯ್ದುಕೊಂಡಿದ್ದ. ಕುದುರೆ ನಾಲ್ಕು ಹೆಜ್ಜೆ ಹಾಕಿರಲಿಲ್ಲ. ವಠಾರದ ಬಾಗಿಲಿಗೆ ದಾಕ್ಷಾಯಣಮ್ಮ ಓಡಿ ಬಂದರು.

"ಲೇ ಏಕಾಂತಾ! ನನ್ನ ಅಚ್ಚು!"

"ಕೊಡ್ತೀನ್ರೀ!"

"ಯಾವಾಗ?"

"ಯುಗಾದಿಗೆ!"

"ಯುಗಾದಿಗೆ ಯಾರೋ ಗಿಳಿ ಎರೀತಾರೆ? ಮುಂದಿನ ಸಂಕ್ರಾಂತಿಗೆ ಸರಿಯಾಗಿ ನನ್ನ ಕೈಲಿರಬೇಕು! ಬಾಕಿ ಇಟ್ಕೊಂಡು ಅಲ್ಲೇ ಕೂತ್ಕೊಂಡ್ಯೋ, ನಾನೇ ಬಂದು ಎಳ್ಕೊಂಡು ಬರ್ತೀನಿ!"

ಗಾಡಿ ತಿರುವಿನಲ್ಲಿ ತಿರುಗಿತು. ಹೂವಿನವಳು, ಸೋಡಾ ಅಂಗಡಿಯವನು, ಎಲ್ಲರೂ ತಿರುಗಿ ನೋಡುತ್ತಿದ್ದರು. ಬೀದಿ ಮರೆಯಾದ ಮೇಲೂ ಕುದುರೆಯ ಗೊರಸಿನ ಸದ್ದನ್ನು ಮೀರಿ, ಅಚ್ಚೂ, ಅಚ್ಚೂ ಎಂದು ದನಿ ಬೆನ್ನಟ್ಟಿ ಬರುತ್ತಿತ್ತು. ಏಕಾಂತಯ್ಯ ಜೇಬಿನ ಮೇಲೆ ಕೈಯಿಟ್ಟುಕೊಂಡು ಕಿವಿಗೊಟ್ಟ.

"ಅಣ್ಣ, ನಿನಗೂ ಕೇಳಿಸ್ತಾ ಇದೆಯಾ?"

"ನನಗೇನು, ಇಡೀ ಚಾಮರಾಜಪೇಟೆಗೇ ಕೇಳಿಸ್ತಾ ಇದೆ ಕಣೋ," ಎಂದ ಚಂದ್ರಶೇಖರಯ್ಯ.